ಹಾವಸೆಯ ಪಟ್ಟಿಯನ್ನು ಓದುವ ಬಗೆ

ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಸಾಮಾನ್ಯವಾಗಿ ಕೈಗೆತ್ತಿಕೊಳ್ಳದ ಒಂದು ಬಗೆಯ ಬರವಣಿಗೆಯಿದೆ: ಸಸ್ಯ ಸಮೀಕ್ಷೆಯ ಪಟ್ಟಿ. ಒಂದು ಸೀಮೆಯಲ್ಲಿ ಏನೇನು ಬೆಳೆಯುತ್ತದೆ, ಎಲ್ಲಿ ಬೆಳೆಯುತ್ತದೆ, ಯಾರು ಯಾವಾಗ ಕಂಡರು ಎಂಬುದನ್ನು ಸಾಲುಸಾಲಾಗಿ ಬರೆದಿಡುವ ಪುಟಗಳು. ಕನ್ನಡದ ನಿಸರ್ಗ ಬರವಣಿಗೆಯನ್ನು ಕುರಿತ ನನ್ನ ಸಂಶೋಧನೆಗಾಗಿ ಕೆಲವು ತಿಂಗಳಿಂದ ಇಂಥ ಪಟ್ಟಿಗಳನ್ನು ಓದುತ್ತಿದ್ದೇನೆ. ಅದರಲ್ಲೂ ಕರಾವಳಿಗೆ ಬೆನ್ನುಕೊಟ್ಟು ನಿಂತಿರುವ ಪಶ್ಚಿಮಘಟ್ಟದ ಹಾವಸೆಗಳ ಪಟ್ಟಿಗಳನ್ನು. ಈ ಓದಿನಿಂದ ನನಗೆ ಹೊಳೆದದ್ದು ಇಷ್ಟು: ನಮ್ಮ ನಿಸರ್ಗ ಸಾಹಿತ್ಯವನ್ನು ಅಳೆಯಲು ಹಾವಸೆ ಒಳ್ಳೆಯ ಅಳತೆಗೋಲು. ಮರ, ಮಳೆ, ಹುಲಿ, ಹಕ್ಕಿಗಳನ್ನು ಬರೆಯಲು ಕಲಿತ ಭಾಷೆಯೊಂದು ಹಾವಸೆಯ ಮುಂದೆ ಬಂದಾಗ ಏನು ಮಾಡುತ್ತದೆ ಎನ್ನುವುದರಲ್ಲಿ ಆ ಭಾಷೆಯ ನೋಟದ ಮಿತಿ ಗೊತ್ತಾಗುತ್ತದೆ.

ಮೊದಲು ಶಬ್ದದ ವಿಚಾರ. ಕೆರೆಯ ನೀರಿನ ಮೇಲೆ ತೇಲುವುದೂ ನಮಗೆ ಪಾಚಿ, ಬಚ್ಚಲ ಕಲ್ಲನ್ನು ಜಾರಿಸುವುದೂ ಪಾಚಿ, ಹಳೆಯ ಗೋಡೆಯ ಮೇಲಿನ ಹಸಿರು ಮಖಮಲ್ಲೂ ಪಾಚಿ, ಉಜ್ಜದ ಹಲ್ಲಿನ ಮೇಲೆ ಕಟ್ಟುವುದೂ ಪಾಚಿಯೇ. ಹಾವಸೆ ಎಂಬ ಹಳೆಯ ಶಬ್ದವೂ ಇದೇ ರೀತಿ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ಶಾಲೆಯ ಪಠ್ಯಗಳು ಶೈವಲ ಬೇರೆ, ಹಾವಸೆ ಬೇರೆ ಎಂದು ಬಿಡಿಸಿ ಹೇಳಲು ಹೊರಟರೂ ಮನೆಮಾತು ಅದನ್ನು ಒಪ್ಪಿಕೊಂಡಿಲ್ಲ. ಈ ಶಬ್ದಗಳು ಬಂದಲ್ಲೆಲ್ಲ ಒಂದು ದೂರು ಜೊತೆಗಿರುತ್ತದೆ. ಪಾಚಿ ಕಟ್ಟಿದೆ ಎಂದರೆ ಯಾರೋ ನೋಡಿಕೊಂಡಿಲ್ಲ, ನೀರು ನಿಂತುಬಿಟ್ಟಿದೆ, ಮನೆ ಪಾಳು ಬಿದ್ದಿದೆ ಎಂದರ್ಥ. ಬಸವಣ್ಣನವರ ವಚನವೊಂದರಲ್ಲಿ ಹಾವಸೆಗಟ್ಟಿದ ಕಲ್ಲು ಬರುತ್ತದೆ. ಮಾತಿಗೂ ನಡತೆಗೂ ನಡುವಿನ ಕಷ್ಟವನ್ನು ಹೇಳಲು ಬಂದ ಉಪಮೆ ಅದು. ಮೆಟ್ಟಿದರೆ ಕಾಲು ನಿಲ್ಲದ ಜಾಗ. ಉಪಮೆ ಬಹಳ ಚೆನ್ನಾಗಿದೆ, ಆದರೆ ಅಲ್ಲಿ ಹಾವಸೆಯ ಕೆಲಸ ಮುಗಿಯುವುದು ನಮ್ಮ ಕಾಲನ್ನು ಜಾರಿಸುವಲ್ಲಿಗೆ. ಕರಾವಳಿ ಮಲೆನಾಡುಗಳಲ್ಲಿ ಮಳೆಗಾಲದ ಅಂಗಳಕ್ಕೆ ಅಡಿಕೆಯ ದಬ್ಬೆ ಹಾಸಿಕೊಳ್ಳುವವರಿಗೂ ಅದು ಜಾರುವ ಹಸಿರೇ. ನೆಲದ ಮೇಲಿದ್ದುದನ್ನು ನಾವು ಕಾಲಿನಿಂದ ತಿಳಿದಿದ್ದೇವೆ.

ಇದಕ್ಕೆ ಎದುರಾಗಿ ಕಲ್ಲುಹೂವನ್ನು ನೆನೆಯಬಹುದು. ಬಂಡೆಗೂ ತೊಗಟೆಗೂ ಅಂಟಿಕೊಂಡು ಬೆಳೆಯುವ ಆ ಬೂದುಬಣ್ಣದ ಜೀವ ಶಿಲೀಂಧ್ರ ಮತ್ತು ಶೈವಲಗಳ ಕೂಡುಬಾಳು. ಹೂವಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಮಸಾಲೆ ಡಬ್ಬಿಗೆ ಬಂದ ಕಾರಣ ಅದಕ್ಕೆ ಹೂವೆಂಬ ಮರ್ಯಾದೆಯ ಹೆಸರು ಸಿಕ್ಕಿತು. ಚನ್ನಪಟ್ಟಣದ ಬೊಂಬೆಗೆ ಬೇಕಾದ ಹಾಲೆಮರಕ್ಕೆ ಹೆಸರಿದೆ, ಅದನ್ನು ತಿರುಗಣಿಗೆ ಕೊಡುವ ಮುನ್ನ ಒಣಗಿಸುವ, ಅರಗು ಹಿಡಿಸುವ ಕೆಲಸಗಳಿಗೆಲ್ಲ ಮಾತುಗಳಿವೆ. ಅದೇ ಮರದ ತೊಗಟೆಯ ಮೇಲೆ ಬೆಳೆದ ಹಾವಸೆಗೆ ಹೆಸರಿಲ್ಲ. ಭಾಷೆ ಬಳಕೆಯ ಹಿಂದೆ ಹೋಗುತ್ತದೆ. ಅದು ತಪ್ಪೇನಲ್ಲ. ಆದರೆ ಸಾಹಿತ್ಯವೂ ಬಳಕೆಯ ಹಿಂದೆಯೇ ಹೋದರೆ ಸಾಕೇ ಎಂಬುದು ವಿಮರ್ಶೆ ಕೇಳಬೇಕಾದ ಪ್ರಶ್ನೆ.

ಈಗ ಆ ಪಟ್ಟಿಗಳಿಗೆ ಬರುತ್ತೇನೆ. ಸಸ್ಯಶಾಸ್ತ್ರದಲ್ಲಿ ಬ್ರಯೋಫೈಟ್ ಎಂದು ಕರೆಯುವ ಗುಂಪಿನಲ್ಲಿ ಮೂರು ಕವಲುಗಳಿವೆ: ಮಾಸ್, ಲಿವರ್‌ವರ್ಟ್, ಹಾರ್ನ್‌ವರ್ಟ್. ಜಗತ್ತಿನಲ್ಲಿ ಇವುಗಳ ಸುಮಾರು 20,000 ಪ್ರಭೇದಗಳಿವೆ. ನೆಲದ ಸಸ್ಯಗಳಲ್ಲಿ ಹೂಬಿಡುವವುಗಳ ನಂತರದ ದೊಡ್ಡ ಗುಂಪು ಇದೇ. ಭಾರತದಲ್ಲಿ 2,500ರ ಆಸುಪಾಸು ಪ್ರಭೇದಗಳಿವೆಯೆಂದು ಲೆಕ್ಕ. ಇವುಗಳಿಗೆ ಬೇರಿಲ್ಲ, ಹಿಡಿದು ನಿಲ್ಲಲು ಬೇರಿನಂಥ ಎಳೆಗಳಿವೆ. ಹೂವಿಲ್ಲ, ಬೀಜವಿಲ್ಲ, ನೀರನ್ನು ಮೇಲಕ್ಕೆಳೆಯುವ ಮರದಂಥ ನಾಳಗಳಿಲ್ಲ. ಮಾಸ್‌ಗಳ ಎಲೆ ಬಹುಪಾಲು ಒಂದೇ ಜೀವಕೋಶದಷ್ಟು ದಪ್ಪ. ನೀರನ್ನು ಮೈಯಿಂದಲೇ ಕುಡಿಯುತ್ತವೆ, ಗಾಳಿ ಒಣಗಿದರೆ ತಾವೂ ಒಣಗುತ್ತವೆ. ನಾವು ಕಾಣುವ ಹಸಿರು ಮೈಯಿಂದ ತೆಳುವಾದ ಕಡ್ಡಿಯೊಂದು ಎದ್ದು ಅದರ ತುದಿಯಲ್ಲಿ ಬೀಜಾಣುಗಳ ಪುಟ್ಟ ಕುಡಿಕೆ ನಿಲ್ಲುತ್ತದೆ. ಫ್ಯುನೇರಿಯಾ ಎಂಬ ಮಾಸ್‌ನ ಕುಡಿಕೆಯ ಬಾಯಿಗೆ ಎರಡು ಸುತ್ತು ಹಲ್ಲುಗಳು, ಸುತ್ತಿಗೆ ಹದಿನಾರು. ಗಾಳಿಯ ತೇವಕ್ಕೆ ತಕ್ಕಂತೆ ಅವು ಅಲುಗಾಡಿ ಬೀಜಾಣುಗಳನ್ನು ಸ್ವಲ್ಪಸ್ವಲ್ಪವಾಗಿ ಹೊರಬಿಡುತ್ತವೆ. ಇದನ್ನೆಲ್ಲ ಕಾಣಲು ಹತ್ತು ಪಟ್ಟು ಹಿಗ್ಗಿಸುವ ಕೈಮಸೂರವೂ ಮೊಣಕಾಲೂರುವ ಮನಸ್ಸೂ ಬೇಕು.

ನಮ್ಮ ಕರಾವಳಿಯ ಘಟ್ಟ ಇಂಥ ಸಸ್ಯಗಳಿಗೆ ಹೇಳಿ ಮಾಡಿಸಿದ ಜಾಗ. ಉಡುಪಿಯಿಂದ ಆಗುಂಬೆಗೆ ಐವತ್ತೈದು ಕಿಲೋಮೀಟರ್ ಆಸುಪಾಸು. ಅಷ್ಟರಲ್ಲಿ ತೆಂಗಿನ ತೋಟ, ಅಡಿಕೆ ತೋಟ, ಹಳ್ಳ, ಕಡಿದ ಧರೆ, ಮಂಜು ತಾಗುವ ನೆತ್ತಿಯ ಕಾಡು ಎಲ್ಲವೂ ಬಂದುಹೋಗುತ್ತವೆ. ಮೇಲೆ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮೀರಿದ ಮಳೆ. ಕೆಳಗೆ ತೆಂಗಿನ ಕಾಂಡದ ಮೇಲೆ ಬಿಳಿಚಿಕೊಂಡಂತೆ ಕಾಣುವ ಆಕ್ಟೊಬ್ಲೆಫೇರಮ್. ರಸ್ತೆಗಾಗಿ ಕಡಿದ ಮಣ್ಣಿನ ಗೋಡೆಗಳಲ್ಲಿ ಪುಟಾಣಿ ದೇವದಾರುವಿನಂಥ ಪೊಗೊನೇಟಮ್. ಇನ್ನೂ ಮೇಲೆ ಕೊಂಬೆಗಳಿಂದ ಜಡೆಯಂತೆ ಇಳಿಬಿದ್ದ ಮಾಸ್‌ಗಳು. ತೇವ ಆರದ ಕಡೆ ಜೀವಂತ ಎಲೆಗಳ ಮೇಲೆಯೇ ಲೆಜ್ಯೂನಿಯಾದ ಬಳಗದ ಲಿವರ್‌ವರ್ಟ್‌ಗಳು. ಎಲೆಯ ಮೇಲೊಂದು ಎಲೆ, ಅದರ ಮೇಲೆ ನೀರಿನ ಹನಿ. ಗುಹೆಯ ಬಾಯಲ್ಲಿ, ಹಳ್ಳದ ದಂಡೆಯ ಕತ್ತಲಲ್ಲಿ ಸಯಾಥೋಡಿಯಮ್ ಹಸಿರುಹೊನ್ನಿನ ಹೊಳಪಿನಲ್ಲಿ ಕಾಣುತ್ತದೆ.

ಇಷ್ಟು ಸಮೃದ್ಧಿಯಿದ್ದೂ ಇದರ ದಾಖಲೆ ನಿಧಾನವಾಗಿ ಬಂದಿದೆ. ಸಿಸಿಲ್ ಸಲ್ಡಾನ ಅವರು ಡಾನ್ ನಿಕಲ್ಸನ್ ಜೊತೆಗೆ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ಕರ್ನಾಟಕದ ಸಸ್ಯ ಸಮೀಕ್ಷೆಯಲ್ಲಿ ಒಂದು ಮೈಲಿಗಲ್ಲು. ಆದರೆ ಅದು ಹೂಬಿಡುವ ಸಸ್ಯಗಳ ಗ್ರಂಥ. ಹಾವಸೆಗಳ ವಿಚಾರಕ್ಕೆ ಹೋದರೆ ಪಂಜಾಬ್ ಮತ್ತು ಹಿಮಾಲಯದಲ್ಲಿ ಶಿವರಾಮ್ ಕಶ್ಯಪ್, ಪಳನಿ ಬೆಟ್ಟಗಳಲ್ಲಿ ಪಾದ್ರಿ ಜಾರ್ಜ್ ಫೋರೋ ಅವರ ಕೆಲಸ ಮೊದಲು ಸಿಗುತ್ತದೆ. ಕರ್ನಾಟಕದ ಮಟ್ಟಿಗೆ ಉವೆ ಶ್ವಾರ್ಟ್ಸ್ 2013ರಲ್ಲಿ ರಾಜ್ಯದ ಬ್ರಯೋಫೈಟ್‌ಗಳ ಪರಿಷ್ಕೃತ ಪಟ್ಟಿಯೊಂದನ್ನು ಪ್ರಕಟಿಸಿದರು. ಅದೇ ವರ್ಷ ಯಾನ್ ಪೀಟರ್ ಫ್ರಾಮ್ ಜೊತೆ ಸೇರಿ ನಮ್ಮ ಘಟ್ಟಸೀಮೆಯ ಬ್ರಯೋಫೈಟ್‌ಗಳ ಮೇಲೆ ಲೇಖನವನ್ನೂ ಬರೆದರು. ಇವು ಪರಿಣತರಿಗಾಗಿ ಬರೆದ ಬರಹಗಳು. ಇವನ್ನು ಸಾಹಿತ್ಯದ ವಿದ್ಯಾರ್ಥಿ ಓದಬಾರದೆಂದು ಎಲ್ಲಿಯೂ ಬರೆದಿಲ್ಲ.

ಇಂಥ ಸಮೀಕ್ಷೆಯ ನಮೂದು ಹೇಗಿರುತ್ತದೆ? ಮೊದಲು ಲ್ಯಾಟಿನ್ ಹೆಸರು. ಆಮೇಲೆ ಊರು, ಸಮುದ್ರಮಟ್ಟದಿಂದ ಎತ್ತರ, ಯಾವುದರ ಮೇಲೆ ಬೆಳೆದಿತ್ತು, ಬಿಸಿಲೋ ನೆರಳೋ, ಜೊತೆಗೆ ಇನ್ನೇನು ಇತ್ತು, ದಿನಾಂಕ, ಸಂಗ್ರಹಕಾರರ ಹೆಸರು, ಸಂಖ್ಯೆ. ಕ್ರಿಯಾಪದ ಇರುವುದಿಲ್ಲ. ವಿಶೇಷಣಗಳೂ ಬಹಳ ಕಡಿಮೆ. ಒಂದೆರಡು ಪುಟ ಓದಿದಾಗ ಬೇಸರ ಬರುತ್ತದೆ. ಹತ್ತು ಪುಟ ಓದಿದ ಮೇಲೆ ಬೇರೊಂದು ಅನುಭವ ಶುರುವಾಗುತ್ತದೆ. ಒಂದು ಬೆಟ್ಟವನ್ನು ತೊಗಟೆ, ಬಂಡೆ, ಮಣ್ಣು, ಕೊಳೆತ ಮರ, ಎಲೆ ಎಂದು ವಿಂಗಡಿಸಿ ಯಾರೋ ತೋರಿಸುತ್ತಿದ್ದಾರೆ ಎನಿಸುತ್ತದೆ. ‘ದಟ್ಟವಾದ ಕಾಡು’ ಎಂದು ನಮ್ಮ ಕಾದಂಬರಿಗಳು ಒಂದೇ ಉಸಿರಿಗೆ ಹೇಳಿಬಿಡುವ ಜಾಗ ಇಲ್ಲಿ ನೂರಾರು ಬೇರೆಬೇರೆ ವಾಸದ ಮನೆಗಳಾಗಿ ಒಡೆಯುತ್ತದೆ. ಒಂದೇ ಮರದ ಬುಡದಲ್ಲಿ ಒಂದು ಜಾತಿ, ಎದೆಯೆತ್ತರದಲ್ಲಿ ಇನ್ನೊಂದು, ಕೊಂಬೆಯ ತುದಿಯಲ್ಲಿ ಮತ್ತೊಂದು. ಮಳೆ ಬೀಳುವ ಬದಿಗೂ ಬೀಳದ ಬದಿಗೂ ವ್ಯತ್ಯಾಸ. ‘ಯಾವುದರ ಮೇಲೆ’ ಎಂಬ ಪ್ರಶ್ನೆ ಇಷ್ಟು ಮುಖ್ಯವಾಗುವ ಇನ್ನೊಂದು ಗದ್ಯಪ್ರಕಾರ ನನಗೆ ಗೊತ್ತಿಲ್ಲ.

ಪಟ್ಟಿಯನ್ನು ಸಾಹಿತ್ಯದ ಕಣ್ಣಿನಿಂದ ಓದುವುದು ಅತಿರೇಕ ಎನ್ನುವವರಿಗೆ ನಮ್ಮ ಊರಿನ ಪಕ್ಕದ್ದೇ ಒಂದು ಉದಾಹರಣೆಯಿದೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಜಾನಪದ ಸಂಗ್ರಹದ ಕೆಲಸವೂ ಇಂಥ ನಮೂದುಗಳಿಂದಲೇ ನಡೆಯುವಂಥದ್ದು: ಹಾಡಿದವರು ಯಾರು, ಯಾವ ಊರು, ಯಾವ ಸಂದರ್ಭ. ರಾಗಿ ಬೀಸುವಾಗಿನ ಹಾಡನ್ನು ಸೋಬಾನೆಯಿಂದ ಬೇರೆ ಮಾಡುವುದೂ ‘ಯಾವುದರ ಮೇಲೆ ಬೆಳೆದಿತ್ತು’ ಎಂಬ ಪ್ರಶ್ನೆಯೇ. ಓದುಬರಹ ಬಲ್ಲವರು ಸಾಹಿತ್ಯವೆಂದೇ ಎಣಿಸದಿದ್ದ ಹಾಡುಗಳನ್ನು ಪಟ್ಟಿಮಾಡಿ, ಸಂಖ್ಯೆ ಕೊಟ್ಟು, ಹಾಡಿದವರ ಹೆಸರಿನೊಂದಿಗೆ ಅಚ್ಚು ಹಾಕಿದ ಮೇಲೆ ಕನ್ನಡ ವಿಮರ್ಶೆಗೆ ತನ್ನ ನಕ್ಷೆಯನ್ನೇ ಬದಲಿಸಬೇಕಾಯಿತು. ಪಟ್ಟಿ ಮೊದಲು ಬಂತು, ಅರ್ಥ ಹಚ್ಚುವ ಕೆಲಸ ಅದರ ಹಿಂದೆ ಬಂತು. ಆ ಅನುಭವವಿರುವ ವಿಮರ್ಶೆಗೆ ಹಾವಸೆಯ ಪಟ್ಟಿ ತೀರಾ ಅಪರಿಚಿತವಾಗಬೇಕಿಲ್ಲ.

ಹಾಗೆಂದು ಪಟ್ಟಿಗಳನ್ನು ಪ್ರಶ್ನಿಸದೆ ಒಪ್ಪಿಕೊಳ್ಳಬೇಕಾಗಿಲ್ಲ. ಅವುಗಳಲ್ಲಿ ಎರಡು ಕೊರತೆಗಳಿವೆ. ಒಂದು, ಸಂಗ್ರಹಕಾರರು ನಡೆದ ದಾರಿಯಲ್ಲಿ ಮಾತ್ರ ಸಸ್ಯಗಳು ಸಿಗುತ್ತವೆ. ಘಟ್ಟದ ರಸ್ತೆ, ಜಲಪಾತದ ಮೆಟ್ಟಿಲು, ಅತಿಥಿಗೃಹದ ಸುತ್ತಮುತ್ತ ಪದೇ ಪದೇ ಬರುತ್ತವೆ. ನಕ್ಷೆಯಲ್ಲಿ ಹಾವಸೆ ಹೆಚ್ಚಿರುವ ಜಾಗ ಯಾವುದು ಎಂದು ನೋಡಿದರೆ ಬಸ್ಸು ಹೋಗುವ ಜಾಗ ಕಾಣಬಹುದು. ಎರಡು, ದಾರಿ ತೋರಿಸಿದವರು ನಮೂದಿನಿಂದ ಮರೆಯಾಗುತ್ತಾರೆ. ಈ ಹಳ್ಳಕ್ಕೆ ಇಳಿಯುವ ಜಾಡು ಯಾರಿಗೆ ಗೊತ್ತಿತ್ತು, ಬೇಸಿಗೆಯಲ್ಲೂ ತೇವ ಉಳಿಯುವ ಬಂಡೆಯ ಸಂದನ್ನು ಯಾರು ಹೇಳಿದರು ಎಂಬುದಕ್ಕೆ ಆ ಸಾಲಿನಲ್ಲಿ ಜಾಗವಿಲ್ಲ. ಜಾನಪದದ ನಮೂದು ಹಾಡಿದವರ ಹೆಸರು ಬರೆಯುತ್ತದೆ, ಸಸ್ಯದ ನಮೂದು ಸಂಗ್ರಹಿಸಿದವರ ಹೆಸರು ಬರೆಯುತ್ತದೆ. ಈ ವ್ಯತ್ಯಾಸ ಸಣ್ಣದೇನಲ್ಲ.

ಇಲ್ಲಿಗೆ ತೇಜಸ್ವಿಯವರ ‘ಕರ್ವಾಲೊ’ ತಾನಾಗಿ ನೆನಪಾಗುತ್ತದೆ. 1980ರಲ್ಲಿ ಬಂದ ಆ ಕಾದಂಬರಿ ಮಾಡಿದ ಬಹುದೊಡ್ಡ ಕೆಲಸವೆಂದರೆ ಸಮೀಕ್ಷೆಯ ಸಾಲಿನಿಂದ ಬಿದ್ದುಹೋಗುವ ಮನುಷ್ಯನನ್ನು ನಡುವಿಗೆ ತಂದದ್ದು. ಮಂದಣ್ಣನ ಕಣ್ಣಿಲ್ಲದೆ ಕರ್ವಾಲೊನ ವಿಜ್ಞಾನ ಒಂದು ಹೆಜ್ಜೆಯೂ ಮುಂದಿಡದು. ಲೋಕ ನಿಷ್ಪ್ರಯೋಜಕ ಎಂದು ತಳ್ಳಿದವನಲ್ಲಿ ವಿಜ್ಞಾನಿಯೊಬ್ಬ ಸಹಜ ನಿಸರ್ಗ ತಜ್ಞನನ್ನು ಗುರುತಿಸುವುದು ಆ ಕಾದಂಬರಿಯ ಜೀವಾಳ. ಆದರೆ ಅದು ಹೊರಡುವುದು ಹಾರುವ ಓತಿಯನ್ನು ಹುಡುಕಿಕೊಂಡು. ಹುಡುಕಾಟಕ್ಕೆ ಗುರಿಯಿದೆ, ಗುರಿಗೆ ಮೈನವಿರೇಳಿಸುವ ರೂಪವಿದೆ, ಕೊನೆಗೆ ಕಣಿವೆಗೆ ಹಾರುವ ಒಂದು ಗಳಿಗೆಯಿದೆ. ಹಾವಸೆಯ ಸಮೀಕ್ಷೆಗೆ ಇಂಥ ಗಳಿಗೆ ಇಲ್ಲ. ಅಪರೂಪದ ಪ್ರಭೇದವೊಂದು ಸಿಕ್ಕರೂ ಅದು ಸಿಕ್ಕಿದೆ ಎಂದು ಗೊತ್ತಾಗುವುದು ವಾರಗಳ ನಂತರ, ಸೂಕ್ಷ್ಮದರ್ಶಕದ ಕೆಳಗೆ, ಎಲೆಯಂಚಿನ ಕೋಶಗಳನ್ನು ಎಣಿಸಿದ ಮೇಲೆ. ಕಾಡಿನಲ್ಲಿದ್ದಾಗ ಕಂಡದ್ದು ಹಸಿರು ಮಾತ್ರ.

ಇನ್ನೊಂದು ದಾರಿಯನ್ನು ತೋರಿಸಿದವರು ಬಿ.ಜಿ.ಎಲ್. ಸ್ವಾಮಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಅವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವದಿಂದ ಬರೆದ ‘ಹಸುರು ಹೊನ್ನು’ 1976ರಲ್ಲಿ ಬಂತು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಸಲ್ಡಾನರ ಹಾಸನದ ಗ್ರಂಥವೂ ಇದೂ ಒಂದೇ ವರ್ಷದವು ಎನ್ನುವುದು ಕಾಕತಾಳೀಯ, ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಉಪಯುಕ್ತ. ಒಂದು ಸಮೀಕ್ಷೆಯ ಫಲ, ಇನ್ನೊಂದು ಸಮೀಕ್ಷೆ ಮಾಡುವವರ ಕಥೆ. ಸ್ವಾಮಿಯವರ ಪುಸ್ತಕದಲ್ಲಿ ಗಿಡದ ಹೆಸರಿನ ಸುತ್ತ ಊಟ, ಜಗಳ, ತಮಾಷೆ, ಹಳೆಯ ಕಾವ್ಯದ ನೆನಪು ಎಲ್ಲವೂ ಹಬ್ಬಿಕೊಳ್ಳುತ್ತದೆ. ಜೊತೆಗೆ ಅವರೇ ಬರೆದ ಚಿತ್ರಗಳು. ವಿಜ್ಞಾನದ ಗದ್ಯಕ್ಕೆ ಕನ್ನಡದಲ್ಲಿ ಇಷ್ಟು ಸಲಿಗೆ ಅದಕ್ಕೆ ಮುಂಚೆ ವಿರಳವಾಗಿತ್ತು. ಆದರೆ ಆ ಸಲಿಗೆ ಬೆಳೆಯಲು ಒಂದು ನೆಲ ಬೇಕಿತ್ತು. ಗಿಡಮರಗಳಿಗೆ ಕನ್ನಡ, ತಮಿಳು, ಸಂಸ್ಕೃತಗಳಲ್ಲಿ ಹೆಸರುಗಳಿದ್ದವು, ಮದ್ದಿನ ಬಳಕೆಯಿತ್ತು, ಪುರಾಣವಿತ್ತು. ಅವರ ಹಾಸ್ಯವೂ ಪಾಂಡಿತ್ಯವೂ ಆ ಹೆಸರುಗಳನ್ನು ಹಿಡಿದು ಆಡುತ್ತವೆ. ಹೆಸರೇ ಇಲ್ಲದ, ಮದ್ದಿಗೂ ಬಾರದ, ಯಾವ ಕವಿಸಮಯಕ್ಕೂ ಸೇರದ ಸಸ್ಯದ ಮುಂದೆ ಆ ದಾರಿ ಅರ್ಧಕ್ಕೆ ನಿಲ್ಲುತ್ತದೆ.

ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗೆ ಬರೆದ ಓದುಗರ ಮೊದಲ ಮಾತು ನಮ್ಮಲ್ಲಿ ಅನೇಕರಿಗೆ ಬಾಯಿಪಾಠ. ಮುಖ್ಯ ಅಮುಖ್ಯಗಳ ಏಣಿಯನ್ನೇ ತೆಗೆದುಹಾಕುವ ಆ ಮಾತನ್ನು ನಾವು ಮನುಷ್ಯರಿಗೆ ಅನ್ವಯಿಸಿದ್ದೇವೆ, ನಾಯಿಗೆ ಅನ್ವಯಿಸಿದ್ದೇವೆ. ವಿಚಾರ ಸಂಕಿರಣಗಳಲ್ಲಿ ಅದನ್ನು ಹೇಳದೆ ಮಲೆನಾಡಿನ ಸಾಹಿತ್ಯದ ಚರ್ಚೆ ಮುಗಿಯುವುದಿಲ್ಲ. ಆದರೆ ಆ ತತ್ವದ ನಿಜವಾದ ಪರೀಕ್ಷೆ ನಡೆಯುವುದು ಹಾವಸೆಯಂಥ ಜೀವದ ಮುಂದೆ. ಏನೂ ಮಾಡದ, ಕಚ್ಚದ, ಕೂಗದ, ಅರಳದ, ಕಥೆಗೆ ತಿರುವು ಕೊಡದ ಒಂದನ್ನು ಅಮುಖ್ಯವಲ್ಲ ಎಂದು ಹೇಳಿದರೆ ಸಾಲದು. ಅದನ್ನು ಬರೆದು ತೋರಿಸಬೇಕು. ಸಮೀಕ್ಷೆಯ ಪಟ್ಟಿ ಈ ಒಂದು ವಿಷಯದಲ್ಲಿ ನಮ್ಮ ಕಾದಂಬರಿಗಳಿಗಿಂತ ಹೆಚ್ಚು ಪ್ರಾಮಾಣಿಕವಾಗಿದೆ. ಅಲ್ಲಿ ಎಲ್ಲಕ್ಕೂ ಒಂದೊಂದು ಸಾಲು.

ನಾನು ಬಯಲುಸೀಮೆಯವನು, ಮಾಗಡಿ ಕಡೆಯವನು. ನಿಸರ್ಗ ಸಾಹಿತ್ಯ ಎಂದಾಗ ನಮ್ಮಂಥವರು ಕೈತೋರಿಸುವುದು ಪಶ್ಚಿಮದ ಕಡೆಗೆ. ಮಳೆ ಅಲ್ಲಿಯದು, ಕಾಡು ಅಲ್ಲಿಯದು, ಕಾದಂಬರಿಯೂ ಅಲ್ಲಿಯದು. ನಮ್ಮದು ಕಲ್ಲಿನ ಸೀಮೆ. ರಾಮನಗರದ ಬಂಡೆಗಳು ಜಗತ್ತಿಗೆ ಪರಿಚಯವಾದದ್ದು 1975ರ ‘ಶೋಲೆ’ಯ ಹಿನ್ನೆಲೆಯಾಗಿ. ಆಮೇಲೆ ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಸಿನಿಮಾಕ್ಕೆ ಸಾವನದುರ್ಗವನ್ನೂ ರಾಮದೇವರ ಬೆಟ್ಟವನ್ನೂ ಬಿಹಾರದ ಕಡೆಯ ಕಲ್ಪಿತ ಗುಹೆಗಳನ್ನಾಗಿ ಮಾಡಿದರು. ಎರಡೂ ಸಲ ನಮ್ಮ ಕಲ್ಲು ಬೇರೆ ಊರಿನ ವೇಷ ಹಾಕಿತು. ಕ್ಯಾಮೆರಾ ದೂರ ನಿಂತರೆ ಬಂಡೆ ಬೋಳಾಗಿಯೇ ಕಾಣುತ್ತದೆ.

ಘಟ್ಟದ ಪಟ್ಟಿಗಳನ್ನು ಓದಿದ ಮೇಲೆ ಸಸ್ಯಶಾಸ್ತ್ರ ಓದುತ್ತಿರುವ ಗೆಳತಿಯೊಬ್ಬಳ ಜೊತೆ ಒಂದು ಮಳೆಗಾಲದ ಬೆಳಿಗ್ಗೆ ಸಾವನದುರ್ಗದ ಬುಡದಲ್ಲಿ ಸುತ್ತಾಡಿದೆ. ಬೆಟ್ಟದ ಎತ್ತರ 1,226 ಮೀಟರ್. ನಾವು ಹತ್ತಿದ್ದು ಅದರ ಕಾಲಿನಷ್ಟೂ ಇಲ್ಲ. ಮೂರು ಗಂಟೆಯಲ್ಲಿ ಮುನ್ನೂರು ಅಡಿ ಹೋಗಿರಬಹುದು. ನೀರು ಇಳಿಯುವ ಗೆರೆಗಳ ಪಕ್ಕದಲ್ಲಿ, ಬಂಡೆಯ ಬಿರುಕಿನಲ್ಲಿ ನಿಂತ ಹಿಡಿಮಣ್ಣಿನಲ್ಲಿ, ಮರದ ಬುಡದ ನೆರಳಿನಲ್ಲಿ ಹಾವಸೆ ಇತ್ತು. ನಾಣ್ಯದಗಲದ ರೋಜಾವಣದಂತೆ ನೆಲಕ್ಕಂಟಿದ ರಿಕ್ಸಿಯಾ. ಹಿಂದಿನ ವಾರದವರೆಗೂ ಕಪ್ಪು ನೇರಳೆಯ ಸುರುಳಿಯಾಗಿ ಮಡಚಿಕೊಂಡಿದ್ದು ಈಗ ಹಸಿರಾಗಿ ಬಿಚ್ಚಿಕೊಂಡಿರಬಹುದಾದ ಪ್ಲೇಜಿಯೋಕ್ಯಾಸ್ಮಾ. ಮನೆಗೋಡೆಯ ಗಾರೆಯಿಂದ ಹಿಡಿದು ಬಂಡೆಯವರೆಗೆ ಎಲ್ಲಿಗಾದರೂ ಹೊಂದಿಕೊಳ್ಳುವ ಹಯೋಫಿಲ. ಗೆಳತಿ ಮಸೂರವನ್ನು ಕೈಗಿತ್ತು, ಕಣ್ಣಿಗೆ ಒತ್ತಿ ಹಿಡಿ, ಗಿಡವನ್ನೇ ಕಣ್ಣಿನ ಹತ್ತಿರ ತಾ ಎಂದಳು. ಈ ಸೂಚನೆ ವಿಮರ್ಶೆಗೂ ಸಲ್ಲುತ್ತದೆ ಎಂದು ಆಗಲೇ ಅನ್ನಿಸಿತು.

ಇವುಗಳಲ್ಲಿ ಕೆಲವು ಹೆಸರುಗಳನ್ನು ನಾನು ಘಟ್ಟದ ಕಡೆಯ ಪಟ್ಟಿಗಳಲ್ಲೂ ಓದಿದ್ದೆ. ಆಗುಂಬೆಯ ಮಳೆಯ ಎಂಟರಲ್ಲೊಂದು ಭಾಗದಷ್ಟೂ ಸರಿಯಾಗಿ ಕಾಣದ ನಮ್ಮ ಕಡೆಯಲ್ಲಿ ಅವು ಬದುಕಿರುವ ಬಗೆ ಬೇರೆ. ಅಲ್ಲಿ ತೇವ ಬಿಡುವುದಿಲ್ಲ. ಇಲ್ಲಿ ವರ್ಷದ ಹೆಚ್ಚು ಭಾಗ ಒಣಗಿ, ಬಣ್ಣ ಕಳೆದುಕೊಂಡು, ಸತ್ತಂತೆ ಇದ್ದು, ಮಳೆ ಬಿದ್ದ ಕೆಲವೇ ನಿಮಿಷಗಳಲ್ಲಿ ಎಲೆ ಬಿಚ್ಚಿ ಉಸಿರಾಡಲು ತೊಡಗುತ್ತವೆ. ಮರಗಳು ಬೇರನ್ನು ಆಳಕ್ಕಿಳಿಸಿ ಬರವನ್ನು ದಾಟಿದರೆ ಹಾವಸೆ ಬರವನ್ನು ಮೈಯೊಳಗೇ ಬಿಟ್ಟುಕೊಂಡು ದಾಟುತ್ತದೆ. ಬಯಲುಸೀಮೆಯ ಬಾಳಿಗೆ ಇದಕ್ಕಿಂತ ಹತ್ತಿರದ ಸಸ್ಯ ಇನ್ನೊಂದಿಲ್ಲ ಎನ್ನಲು ನನಗೆ ಆಸೆ. ಆದರೆ ಅಲ್ಲಿ ನಿಲ್ಲುತ್ತೇನೆ. ಜಾರುವ ಕಲ್ಲನ್ನು ನೈತಿಕ ಉಪಮೆ ಮಾಡಿಕೊಂಡಂತೆ ಒಣಗಿ ಚಿಗುರುವ ಹಾವಸೆಯನ್ನು ತಾಳ್ಮೆಯ ಉಪಮೆ ಮಾಡಿಕೊಂಡರೆ ಅದು ಮತ್ತೆ ನಮ್ಮ ಚಾಕರಿಗೆ ಬಂದಂತಾಯಿತು. ಮೊದಲು ಅದು ಏನೆಂದು ನೋಡುವ ಕೆಲಸ ಬಾಕಿಯಿದೆ.

ಆ ಕೆಲಸದ ಮೊದಲ ತೊಡಕು ಹೆಸರು. ಲಿವರ್‌ವರ್ಟ್ ಎಂಬ ಇಂಗ್ಲಿಷ್ ಹೆಸರಿನ ಹಿಂದೆ ಯುರೋಪಿನ ಹಳೆಯ ವೈದ್ಯದ ನಂಬಿಕೆಯಿದೆ. ಗಿಡದ ಆಕಾರ ಯಾವ ಅಂಗವನ್ನು ಹೋಲುತ್ತದೋ ಆ ಅಂಗದ ರೋಗಕ್ಕೆ ಅದು ಮದ್ದು ಎಂಬ ನಂಬಿಕೆ. ಪಿತ್ತಜನಕಾಂಗದಂತೆ ಹಾಳೆಹಾಳೆಯಾಗಿ ಕಂಡದ್ದಕ್ಕೆ ಆ ಹೆಸರು. ಅದನ್ನು ಯಕೃತ್ತಿನ ಹೆಸರಿಟ್ಟು ಕನ್ನಡಕ್ಕೆ ತಂದರೆ ಇನ್ನೊಂದು ದೇಶದ ತಪ್ಪುತಿಳಿವಳಿಕೆಗೆ ಸಂಸ್ಕೃತದ ಅಂಗಿ ತೊಡಿಸಿದಂತೆ. ಲ್ಯಾಟಿನ್ ಹೆಸರುಗಳು ಬೇಕೇಬೇಕು, ಅವಿಲ್ಲದೆ ಸಾವನದುರ್ಗದ ರಿಕ್ಸಿಯಾಕ್ಕೂ ಬೇರೆ ದೇಶದ ರಿಕ್ಸಿಯಾಕ್ಕೂ ಸಂಬಂಧ ಹೇಳಲಾಗದು. ಆದರೆ ಕಥೆಯಲ್ಲಿ, ಪ್ರಬಂಧದಲ್ಲಿ, ತರಗತಿಯ ಮಾತಿನಲ್ಲಿ ಆ ಹೆಸರುಗಳಷ್ಟೇ ಸಾಲವು. ಸಮೀಕ್ಷೆಯ ನಮೂದೇ ಇಲ್ಲಿ ದಾರಿ ತೋರಿಸುತ್ತದೆ ಎಂದು ನನ್ನ ಅಭಿಪ್ರಾಯ. ಅದು ಎಲ್ಲಿ ಬೆಳೆದಿದೆ ಎಂದು ಮೊದಲು ಹೇಳುತ್ತದೆ. ಕಲ್ಲುಹಾವಸೆ, ಮಣ್ಣುಹಾವಸೆ, ತೊಗಟೆಹಾವಸೆ, ಎಲೆಹಾವಸೆ, ಗಾರೆಹಾವಸೆ ಎಂದು ಶುರುಮಾಡಬಹುದು. ಇವು ಶಾಸ್ತ್ರೀಯ ವಿಂಗಡಣೆಯಾಗವು, ಆದರೆ ಕೇಳಿದವರು ಆ ಜಾಗದಲ್ಲಿ ಹುಡುಕಬಲ್ಲರು. ಪಾಚಿ ಎಂಬ ಒಂದೇ ಬುಟ್ಟಿಯಿಂದ ಅಷ್ಟಾದರೂ ಹೊರಬಂದಂತಾಗುತ್ತದೆ. ಹೆಸರುಗಳನ್ನು ಪರಿಭಾಷಾ ಸಮಿತಿಗಳು ಹುಟ್ಟಿಸಬಹುದು, ಉಳಿಸುವುದು ಬಳಸುವವರು. ಆದ್ದರಿಂದ ಇದು ಬರೆಯುವವರ ಕೆಲಸವೂ ಹೌದು.

ಇದರಲ್ಲಿ ಪಣಕ್ಕಿರುವುದು ಶಬ್ದಸಂಪತ್ತು ಮಾತ್ರವಲ್ಲ. 2012ರಲ್ಲಿ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಯಿತು. ಅದಕ್ಕೆ ಪಕ್ಷಿಪ್ರೇಮಿಗಳ ಶ್ರಮ ಕಾರಣ. ಆದರೆ ರಣಹದ್ದಿನ ಪರವಾಗಿ ಮಾತಾಡುವಾಗ ಜಟಾಯುವಿನ ಹೆಸರು ನೆರವಿಗಿತ್ತು. ರಾಮನ ಹೆಸರಿನ ಬೆಟ್ಟದಲ್ಲಿ ಜಟಾಯುವಿನ ಕುಲಕ್ಕೆ ಜಾಗವಿರಬೇಕು ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಾವಸೆಗೆ ಅಂಥ ಪುರಾಣದ ಬೆಂಬಲವಿಲ್ಲ. ಕನಕಪುರ, ರಾಮನಗರ, ಮಾಗಡಿ ಕಡೆಗಳಲ್ಲಿ ಕಲ್ಲುಗಣಿಗಳು ಬೆಟ್ಟಗಳನ್ನು ತಿಂದಿರುವುದು ಯಾರಿಗೂ ಹೊಸ ಸುದ್ದಿಯಲ್ಲ. ಒಂದು ಬಂಡೆ ಹೋದಾಗ ನಾವು ನೋಟ ಹೋಯಿತು ಎನ್ನುತ್ತೇವೆ, ದೂಳಿನ ಬಗ್ಗೆ, ಬೋರ್‌ವೆಲ್ ಬಗ್ಗೆ ದೂರುತ್ತೇವೆ. ಆ ಬಂಡೆಯ ಉತ್ತರದ ಮಗ್ಗುಲಲ್ಲಿ, ನೀರು ಜಿನುಗುವ ಬಿರುಕಿನಲ್ಲಿ ಏನಿತ್ತು ಎಂದು ಕೇಳುವವರಿಲ್ಲ. ಕೇಳಿದರೂ ಉತ್ತರಿಸಲು ನಮೂದು ಬೇಕು. ಬರೆದಿಡದ ಜೀವ ಕಳೆದುಹೋದರೆ ಅದು ಕಳೆದುಹೋಗಿದೆ ಎಂಬ ವಾಕ್ಯವನ್ನೂ ಬರೆಯಲಾಗದು.

ಪಟ್ಟಿಗೆ ಇನ್ನೊಂದು ಗುಣವಿದೆ. ಹಾವಸೆಯ ಮಾದರಿಗಳನ್ನು ಕಾಗದದ ಪೊಟ್ಟಣದಲ್ಲಿ ಒಣಗಿಸಿ, ಮೇಲೆ ನಮೂದು ಬರೆದು ಸಸ್ಯಾಗಾರದಲ್ಲಿ ಇಡುತ್ತಾರೆ. ಹೂವಿನ ಗಿಡವನ್ನು ಒತ್ತಿ ಒಣಗಿಸಿದರೆ ಅದರ ಬಣ್ಣವೂ ದಳದ ನಿಲುವೂ ಹೋಗುತ್ತದೆ. ಹಾವಸೆ ಹಾಗಲ್ಲ. ಎಷ್ಟೋ ವರ್ಷಗಳ ಹಳೆಯ ಪೊಟ್ಟಣದಿಂದ ಒಂದು ಎಳೆಯನ್ನು ತೆಗೆದು ನೀರಿನ ಹನಿಯಲ್ಲಿಟ್ಟರೆ ಎಲೆಗಳು ಬಿಚ್ಚಿ ಮೊದಲಿನ ಆಕಾರಕ್ಕೆ ಬರುತ್ತವೆ. ಹೆಚ್ಚಿನವಕ್ಕೆ ಜೀವ ಬರುವುದಿಲ್ಲ, ಆದರೆ ಓದಲು ಬರುತ್ತದೆ. ಹಿಂದಿನವರು ತಪ್ಪಾಗಿ ಗುರುತಿಸಿದ್ದರೆ ಈಗಿನವರು ತಿದ್ದಬಹುದು. ಹಳೆಯ ಚೀಟಿಯನ್ನು ಕಿತ್ತುಹಾಕುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಚೀಟಿ ಅಂಟಿಸುತ್ತಾರೆ, ತಿದ್ದಿದವರ ಹೆಸರು ಮತ್ತು ದಿನಾಂಕ ಬರೆಯುತ್ತಾರೆ. ನಮ್ಮ ವಿಮರ್ಶೆ ಹಳೆಯ ತೀರ್ಮಾನಗಳನ್ನು ನಡೆಸಿಕೊಳ್ಳುವ ರೀತಿಗಿಂತ ಇದು ಸಭ್ಯವಾಗಿದೆ.

ಕೊನೆಯದಾಗಿ ಒಂದು ಕಾರ್ಯಸಾಧ್ಯ ಮಾತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ ಕಾಲೇಜುಗಳಿವೆ, ಅಲ್ಲಿ ಕನ್ನಡ ವಿಭಾಗವೂ ಇದೆ, ಹಲವೆಡೆ ಸಸ್ಯಶಾಸ್ತ್ರವೂ ಇದೆ. ಎರಡೂ ಕಡೆಯ ವಿದ್ಯಾರ್ಥಿಗಳು ಒಂದು ಮಳೆಗಾಲದಲ್ಲಿ ತಮ್ಮ ಕಾಲೇಜಿನ ಕಾಂಪೌಂಡ್ ಗೋಡೆ, ಊರ ಕಲ್ಯಾಣಿ, ಹತ್ತಿರದ ಗುಡ್ಡ, ತೆಂಗಿನ ತೋಟ ಇಷ್ಟನ್ನು ನೋಡಿ ಕನ್ನಡದಲ್ಲಿ ನಮೂದು ಬರೆಯಬಹುದು. ಯಾವುದರ ಮೇಲೆ, ಯಾವ ಮಗ್ಗುಲಲ್ಲಿ, ಯಾವುದರ ಜೊತೆ, ಯಾರು ತೋರಿಸಿದರು. ಲ್ಯಾಟಿನ್ ಹೆಸರನ್ನು ತಿಳಿದವರಿಂದ ಆಮೇಲೆ ಬರೆಸಿಕೊಳ್ಳಬಹುದು, ಅದಕ್ಕೊಂದು ಖಾಲಿ ಜಾಗ ಬಿಟ್ಟರಾಯಿತು. ಆ ಪಟ್ಟಿ ಸಾಹಿತ್ಯವೇ ಎಂದು ಆಗ ಯಾರಾದರೂ ಕೇಳಿದರೆ ಚರ್ಚಿಸೋಣ. ಚರ್ಚೆಗೆ ಮೊದಲು ಪಟ್ಟಿ ಇರಬೇಕು.